ಅಕ್ಟೋಬರ್ ತನಕ ನೋಡಿಕೊಳ್ಳಿ

ಗಲ್ಫಿನ ಅಲ್ ಖೌದ್‌ನ ಆ ಕಟ್ಟಡದ ಎರಡನೇ ಮಹಡಿಯಲ್ಲಿ ಎರಡೇ ಮನೆ. ಒಂದು ನಮ್ಮದು, ಎದುರಿನದು ಮಂಗಳೂರು ಕಡೆಯ ಗಂಡ ಹೆಂಡತಿಯದು. ಎರಡು ವರ್ಷ ನಮ್ಮ ನಡುವೆ ಇದ್ದದ್ದು ಲಿಫ್ಟಿನಲ್ಲಿ ಸಿಕ್ಕಾಗಿನ ಒಂದು ನಗು, ಅಷ್ಟೆ. ಕಾರಣ ಹೇಳಲು ಈಗ ನಾಚಿಕೆಯಾಗುತ್ತದೆ. ಅವರ ಮನೆಯಲ್ಲಿ ದಿನಾ ಮೀನು. ನಮ್ಮತ್ತೆ ಮೈಸೂರಿನವರು, ಮಡಿಯವರು. ಎದುರುಮನೆಯಲ್ಲಿ ಮೀನು ಬೆಂದ ವಾಸನೆ ಬಂತೆಂದರೆ ನಮ್ಮ ಬಾಗಿಲ ಪಕ್ಕ ಊದುಬತ್ತಿ ಹಚ್ಚಿಡುತ್ತಿದ್ದರು. ಏಕೆ ಹಚ್ಚಿದ್ದೆಂದು ಆ ಕಡೆಯವರಿಗೆ ತಿಳಿಯದೆ ಇರುತ್ತದೆಯೇ.

ಆ ಬಾಗಿಲು ತೆರೆಸಿದ್ದು ಅವರ ನಾಯಿ. ಕಂದು ಬಣ್ಣ, ಮಡಚಿದ ಒಂದು ಕಿವಿ, ಇಂಥದ್ದೇ ಜಾತಿ ಎನ್ನಲಾಗದು. ಮರಿಯಾಗಿದ್ದಾಗ ರಸ್ತೆಯಲ್ಲಿ ಸಿಕ್ಕಿತ್ತಂತೆ. ಅತ್ತೆ ಬೆಳಿಗ್ಗೆ ಕಾಯಿ ತುರಿಯಲು ಕುಳಿತರೆ ಸಾಕು, ಆ ಸದ್ದಿಗೆ ಬಂದು ನಮ್ಮ ಬಾಗಿಲಿಗೆ ಮೂಗೊತ್ತಿ ನಿಲ್ಲುತ್ತಿತ್ತು. ಮೊದಲ ವಾರ ಅತ್ತೆ ಬೈದರು. ಆಮೇಲೆ ಬಾಗಿಲು ಒಂದಿಷ್ಟೇ ತೆರೆದು, ಮೈಲಿಗೆಯಾಗದಷ್ಟು ದೂರದಿಂದ ಒಂದು ಚೂರು ಕಾಯಿ ಎಸೆದರು. ತಿಂಗಳು ತುಂಬುವುದರೊಳಗೆ ಅದು ಅವರ ತುರಿಯುವ ಮಣೆಯ ಪಕ್ಕದಲ್ಲೇ ಮಲಗಿರುತ್ತಿತ್ತು.

ಒಂದು ದಿನ ಅದನ್ನು ಹುಡುಕಿಕೊಂಡು ಬಂದ ಎದುರುಮನೆಯವಳು ಹೊಸ್ತಿಲಾಚೆಯೇ ನಿಂತಳು.

"ಇವನಿಗೆ ಮನೆಯಲ್ಲಿ ಎಂತ ಹಾಕುದಿಲ್ಲ ಅಂತ ಎಣಿಸ್ಬೇಡಿ ಅಮ್ಮ. ಮೀನು ಅನ್ನ ತಿಂದೇ ಬರುದು."

"ಮೀನು ತಿಂದ ಬಾಯಿಗೆ ಕಾಯಿ ಬೇರೆ ಕೇಡು" ಎಂದರು ಅತ್ತೆ. ಆಮೇಲೆ ತಲೆಯೆತ್ತಿ, "ನೀನ್ಯಾಕಮ್ಮ ಹೊರಗೆ ನಿಂತಿದ್ದೀಯ? ನಾಯಿನೇ ಒಳಗಿದೆ" ಎಂದರು.

ಅವತ್ತಿನಿಂದ ಎರಡೂ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿದ್ದವು. ನನ್ನ ಗಂಡನಿಗೆ ದೂರದ ಇಬ್ರಾ ಪಟ್ಟಣದಲ್ಲಿ ಕೆಲಸ, ವಾರದ ಕೊನೆಗೆ ಬರುತ್ತಿದ್ದರು. ಅತ್ತೆಗೆ ರಕ್ತದೊತ್ತಡ ಏರಿದಾಗ ಆಸ್ಪತ್ರೆಗೆ ಕರೆದೊಯ್ದವನು, ಗ್ಯಾಸ್ ಸಿಲಿಂಡರ್ ಹೊತ್ತು ತಂದವನು ಎದುರುಮನೆಯವನೇ. ಅವರಿಗೆ ಮಕ್ಕಳಿರಲಿಲ್ಲ. ಸಂಜೆ ನಾಯಿಯನ್ನು ತಿರುಗಾಡಿಸಲು ಒಬ್ಬೊಬ್ಬರೂ ಒಂದೊಂದು ದಿನ ಹೋಗುತ್ತಿದ್ದೆವು. ಅತ್ತೆ ಹೋದ ದಿನ ಮಾತ್ರ ಯಾರು ಯಾರನ್ನು ತಿರುಗಾಡಿಸಿದರೆಂದು ಹೇಳುವುದು ಕಷ್ಟ.

ಆರು ವರ್ಷ ಹೀಗೆ ನಡೆಯಿತು. ಹೋದ ವರ್ಷ ಮೇ ತಿಂಗಳಲ್ಲಿ ಎದುರುಮನೆಯವನು ನಮ್ಮ ಸೋಫಾದಲ್ಲಿ ಕುಳಿತು ಸುಮ್ಮನೆ ಹೇಳಿದ: "ಕೆಲಸ ಖಲಾಸ್ ಅಕ್ಕ. ಕೆಲಸಕ್ಕಿಟ್ಟ ಕಫೀಲ್ ವೀಸಾ ಕ್ಯಾನ್ಸಲ್ ಮಾಡ್ತಾನೆ. ಜೂನ್‌ನಲ್ಲಿ ಹೋಗುದು."

ನಾಯಿಯ ಕಾಗದಪತ್ರ ಮುಗಿದಿರಲಿಲ್ಲ. ಮುಗಿದಿದ್ದರೂ ಆ ಬಿಸಿಲಿನಲ್ಲಿ ಪ್ರಾಣಿಗಳನ್ನು ವಿಮಾನಕ್ಕೆ ಹತ್ತಿಸುವುದಿಲ್ಲವೆಂದರು. ಹೋಗುವ ದಿನ ಅವಳು ಅತ್ತೆಯ ಕೈ ಹಿಡಿದು, "ಅಕ್ಟೋಬರ್ ತನಕ ನೋಡಿಕೊಳ್ಳಿ ಅಮ್ಮ. ಬಿಸಿಲು ಇಳಿದ ಮೇಲೆ ಇವರೇ ಬಂದು ಕರ್ಕೊಂಡು ಹೋಗ್ತಾರೆ" ಎಂದಳು. ಅತ್ತೆ "ನೋಡ್ಕೋತೀನಿ" ಎಂದರು. ಅವರ ಬಾಯಿಂದ ಬಂದ ಮಾತೆಂದರೆ ಮಾತು. ಅದೇ ಮುಂದೆ ನಮಗೆ ಭಾರವಾದದ್ದು.

ನಾಯಿ ಈಗ ನಮಗೂ 'ಅವನು' ಆಗಿತ್ತು. ಮೊದಲ ಕೆಲವು ದಿನ ಅವನು ಎದುರಿನ ಮುಚ್ಚಿದ ಬಾಗಿಲ ಮುಂದೆ ಮಲಗಿದ. ಸಂಜೆ ಅವಳು ವಿಡಿಯೋದಲ್ಲಿ "ಮಗಾ" ಎಂದು ಕರೆದರೆ ಫೋನಿನ ಹಿಂದೆಲ್ಲ ಹುಡುಕಿ, ಅಡುಗೆಮನೆಗೆ ಹೋಗಿ ನೋಡಿ ಬಂದು ಮಲಗುತ್ತಿದ್ದ. ಜುಲೈ ಹೊತ್ತಿಗೆ ಮೊಸರನ್ನ ಬಿಟ್ಟ. ಅಂಗಡಿಯ ಡಬ್ಬಿ ತಿಂಡಿಯನ್ನೂ ಮೂಸಿ ಬಿಟ್ಟ. ಕಾಯಿಯ ಚೂರು ಬಟ್ಟಲಲ್ಲೇ ಒಣಗುತ್ತಿತ್ತು. ಊರಿನಲ್ಲಿ ಅವಳ ಗಂಡನಿಗೆ ಇನ್ನೂ ಕೆಲಸ ಸಿಕ್ಕಿಲ್ಲ, ಅವರ ಮನಸ್ಸಿಗೆ ಇದೊಂದು ಬೇರೆ ಏಕೆ ಎಂದು ನಾನು ದಿನಾ ಸುಳ್ಳು ಹೇಳಿದೆ. ತಿಂತಾನೆ, ಚೆನ್ನಾಗಿದ್ದಾನೆ, ಈಗ ಮಲಗಿದ್ದಾನೆ ಎಂದು. ಅತ್ತೆಗೆ ಇದು ಸರಿಬರಲಿಲ್ಲ. "ಅವರ ನಾಯಿ ಕಣೇ. ಮುಚ್ಚಿಡೋಕೆ ನಾವ್ಯಾರು?" ಎನ್ನುತ್ತಿದ್ದರು. ಆದರೆ ಫೋನ್ ಬಂದಾಗ ಅವರೂ ಸುಮ್ಮನೆ ಎದ್ದು ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಬಂದವರು, ನನ್ನ ಮುಖ ನೋಡದೆ ಹೇಳಿದರು: "ಅವನಿಗೆ ಅಭ್ಯಾಸವಿರೋದನ್ನೇ ತಂದು ಹಾಕು."

"ಎಲ್ಲಿ ಬೇಯಿಸೋದು?"

"ಒಲೆ ಇರೋದು ಎಲ್ಲಿ? ಅಲ್ಲೇ."

ಅಂಗಡಿಯ ಮೀನಿನ ಕಟ್ಟೆಯ ಮುಂದೆ ನಿಂತೆ. ಎಲ್ಲವೂ ಒಂದೇ ಥರ ನನ್ನನ್ನು ನೋಡುತ್ತಿದ್ದವು. ಯಾವುದೆಂದು ತಿಳಿಯದೆ ಅವಳಿಗೇ ಫೋನ್ ಮಾಡಿ, ಅವನಿಗೆ ಯಾವ ಮೀನು ಹಾಕುತ್ತಿದ್ದಿ ಎಂದು ಕೇಳಿಬಿಟ್ಟೆ.

"ಬೂತಾಯಿ" ಎಂದಳು. ಮರುಕ್ಷಣವೇ ಕೇಳಿದಳು: "ಎಷ್ಟು ದಿನ ಆಯ್ತು ಅಕ್ಕ, ಅವನು ತಿನ್ನದೆ?"

ನಾನು ಅಂಗಡಿಯವನ ಕಡೆ ತಿರುಗಿ, ಬೂತಾಯಿ ಎಂದೆ.

"ಅಮ್ಮನ ಅಡುಗೆಮನೆಗೆ ಮೀನು ಹೋಗ್ಬೇಕಾದ್ರೆ ಸಣ್ಣ ವಿಷಯ ಅಲ್ಲ. ನನಗೆ ಗೊತ್ತಾಗುದಿಲ್ವಾ?" ಎಂದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮುಳ್ಳು ತೆಗೆಯುವುದು ಹೇಗೆ, ಎಷ್ಟು ಬೇಯಿಸಬೇಕು, ಉಪ್ಪು ಹಾಕಬೇಡಿ ಎಂದೆಲ್ಲ ನಿಧಾನವಾಗಿ ಹೇಳಿಕೊಟ್ಟಳು.

ಅತ್ತೆ ಸೆರಗನ್ನು ಮೂಗಿಗೆ ಹಿಡಿದು ತಾವೇ ಬೇಯಿಸಿದರು, ತಾವೇ ಮುಳ್ಳು ಬಿಡಿಸಿದರು. ನಾಲ್ಕು ದಿನ ತಿಂದ. ಆ ನಾಲ್ಕು ದಿನ ನಮ್ಮ ಮನೆಯಲ್ಲಿ ಹಬ್ಬದ ಗೆಲುವು. ಐದನೆಯ ದಿನ ಅದನ್ನೂ ಬಿಟ್ಟ. ಡಾಕ್ಟರು ರಕ್ತ ನೋಡಿ, ಕಿಡ್ನಿ ಕೆಟ್ಟು ಬಹಳ ದಿನವಾಗಿದೆ, ವಯಸ್ಸೂ ಆಗಿದೆ ಎಂದರು. ಅಕ್ಟೋಬರ್‌ವರೆಗೆ ಉಳಿಯುತ್ತಾನಾ ಎಂದು ನಾನು ಕೇಳಿದೆ. ಅವರು ಚೀಟಿಯಲ್ಲಿ ಮಾತ್ರೆ ಬರೆದುಕೊಟ್ಟರು.

ಸೆಪ್ಟೆಂಬರ್ ಮುಗಿಯುತ್ತಾ ಬಂದಿತ್ತು. ಒಂದು ಶುಕ್ರವಾರ ಬೆಳಿಗ್ಗೆ ಅವನು ಏಳಲಿಲ್ಲ. ಮನೆಯಲ್ಲಿದ್ದ ನನ್ನ ಗಂಡ ಹಳೆಯ ಪಂಚೆಯಲ್ಲಿ ಸುತ್ತಿ, ಊರಾಚೆ ಗುಡ್ಡದ ಬುಡದಲ್ಲಿ ಗುಂಡಿ ತೋಡಿ ಮಣ್ಣು ಮಾಡಿ ಬಂದರು. ಆ ನೆಲವೆಲ್ಲ ಕಲ್ಲು. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಫೋನ್ ಮಾಡಲು ನನ್ನಿಂದಾಗಲಿಲ್ಲ. ಅತ್ತೆಯೇ ತೆಗೆದುಕೊಂಡರು. ವಿಷಯ ಹೇಳಿ ಮುಗಿಸಿದಾಗ ಆ ಕಡೆಯಿಂದ ಬಹಳ ಹೊತ್ತು ಅಳು, ಹಿಂದೆಲ್ಲೋ ಅವಳ ಗಂಡನ ಕೆಮ್ಮು. ಕೊನೆಗೆ ಅವಳು ಕೇಳಿದಳು: "ಹೋಗುವ ಮೊದಲು ಎಂತ ತಿಂದ ಅಮ್ಮ?"

ನಾನು ಅತ್ತೆಯ ಕಡೆ ನೋಡಿದೆ. ಬೂತಾಯಿ ಎಂದು ಹೇಳಿಬಿಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಏನೂ ತಿನ್ನಲಿಲ್ಲಮ್ಮ" ಎಂದರು ಅತ್ತೆ. "ನನ್ನ ಕೈಯಿಂದ ನಾಲ್ಕು ಹನಿ ನೀರು ಕುಡಿದ. ಅಕ್ಟೋಬರ್ ತನಕ ಅಂದಿದ್ದೆ. ಆಗಲಿಲ್ಲ."

"ಇರಲಿ ಅಮ್ಮ. ಅವನು ನಿಮ್ಮ ಮನೆಯವನೂ ಹೌದಲ್ಲ" ಎಂದಳು. ಮೂಗೊರೆಸಿಕೊಂಡ ಸದ್ದು. "ನೀವು ಊಟ ಮಾಡಿದ್ರಾ?"

"ಒಲೆ ಹಚ್ಚಿಲ್ಲ."

"ಇಲ್ಲಿಯೂ ಇಲ್ಲ. ಅನ್ನಕ್ಕೆ ಇಡಿ ಅಮ್ಮ, ನಿಮ್ಮ ಮಾತ್ರೆ ಉಂಟಲ್ಲ. ನಾನೂ ಇಡ್ತೇನೆ. ಫೋನ್ ಮಾತ್ರ ಕಟ್ ಮಾಡ್ಬೇಡಿ."

ಅತ್ತೆ ಫೋನನ್ನು ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟು ಅಕ್ಕಿ ತೊಳೆದರು. ಆ ಕಡೆಯೂ ನಲ್ಲಿ ತಿರುವಿದ ಸದ್ದಾಯಿತು. ಅವಳ ಕುಕ್ಕರು ಮೊದಲು ಕೂಗಿತು.