ಅಮ್ಮ ತೊಳೆದ ಡೆನ್ಮಾರ್ಕಿನ ಮೇಜು

ಕಳೆದ ಏಪ್ರಿಲ್‌ನ ಎರಡನೇ ಭಾನುವಾರ ಬೆಳಿಗ್ಗೆ, ಡಬ್ಲಿನ್‌ನಿಂದ ದೂರದ ಬ್ಯಾಲಿನ್‌ಕೊಲಿಗ್ ಎಂಬ ಊರಿನಲ್ಲಿ, ನನ್ನ ತಮ್ಮನ ಊಟದ ಮೇಜನ್ನು ನಮ್ಮ ಅಮ್ಮ ಬಿಸಿ ಸೋಪು ನೀರು ಹಾಕಿ ತೊಳೆದಳು.

ಮೇಜು ಓಕ್ ಮರದ್ದು. ಸುಮಾರು ಎಪ್ಪತ್ತು ವರ್ಷದ ಹಿಂದೆ ಡೆನ್ಮಾರ್ಕಿನ ಹಳ್ಳಿಯೊಂದರಲ್ಲಿ ಬಡಗಿಯೊಬ್ಬ ತನ್ನಿಬ್ಬರು ಗಂಡುಮಕ್ಕಳ ಜೊತೆ ಮನೆ ಹಿಂದಿನ ಶೆಡ್ಡಿನಲ್ಲಿ ಮಾಡಿದ್ದು. ತಮ್ಮ ಅದನ್ನು ಡಬ್ಲಿನ್ ಪಕ್ಕದ ಡನ್ ಲಿಯರಿಯ ಹಳೇ ಸಾಮಾನಿನ ವ್ಯಾಪಾರಿಯೊಬ್ಬನಿಂದ ತಂದಿದ್ದ. ಬಡಗಿಯ ಮೂರು ತಲೆಮಾರು ತಮ್ಮನಿಗೆ ಬಾಯಿಪಾಠ: ಯಾವ ಮಗ ಕಾಲು ಕಡೆಯುತ್ತಿದ್ದ, ಯಾವ ಮಗ ಹಲಗೆ ಕೂಡಿಸುತ್ತಿದ್ದ, ಈಗ ಕೆಲಸ ನಡೆಸುತ್ತಿರುವ ಮೊಮ್ಮಗಳು ಯಾರು. ಮೈಸೂರಿನಲ್ಲಿ ಅವನೇ ಮಲಗಿ ಬೆಳೆದ ಮಂಚ ಮಾಡಿದ್ದು ಯಾರೆಂದು ಕೇಳಿದರೆ ‘ಯಾರೋ ಆಚಾರ್ರು’ ಎನ್ನುತ್ತಾನೆ. ಮೇಜಿನ ಕಂದು ಬಣ್ಣ ಎಪ್ಪತ್ತು ವರ್ಷದ ಹೊಳಪು ಎಂದು ವ್ಯಾಪಾರಿ ಹೇಳಿದ್ದ. ತಮ್ಮ ಬಂದವರಿಗೆಲ್ಲ ಅದನ್ನೇ ಒಪ್ಪಿಸುತ್ತಿದ್ದ. ಅವರು ಮೇಜಿನಡಿಗೆ ಬಗ್ಗಿ ನೋಡಿ ಹೂಂಗುಟ್ಟುತ್ತಿದ್ದರು.

ಮೂರು ತಿಂಗಳಿಗೆಂದು ಬಂದಿದ್ದ ಅಮ್ಮನಿಗೆ ಮಾತ್ರ ಅಲ್ಲಿ ಊಟವಿರಲಿಲ್ಲ. ಸಾರಿನ ಅರಿಶಿನ ಕಲೆಯಾಗುತ್ತದಂತೆ. ಅವಳು ಅಡುಗೆಮನೆಯ ಸ್ಟೂಲಿನಲ್ಲಿ ಕೂತು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದಳು. ಶನಿವಾರ ತಮ್ಮನ ಆಫೀಸಿನವರು ಬಂದು ಅದೇ ಮೇಜಿನಲ್ಲಿ ಚೀಸ್ ತಿಂದು, ವೈನ್ ಕುಡಿದು ಹೋದರು. ತಿಂದ ಜಾಗ ಶುದ್ಧ ಮಾಡದೆ ಅಮ್ಮ ಬೆಳಗಿನ ಕಾಫಿ ಮುಟ್ಟುವವಳಲ್ಲ.

ಅವನ ಅಕ್ಕ ನಾನು, ಡಬ್ಲಿನ್‌ನ ಬ್ಯೂಮಾಂಟ್‌ನಲ್ಲಿರುವ ನನ್ನ ಮನೆಯಿಂದ ಬಂದು ಆ ವಾರ ಅಲ್ಲೇ ಇದ್ದೆ.

“ಅಮ್ಮಾ! ಏನ್ ಮಾಡ್ಬಿಟ್ಟೆ?” ತಮ್ಮ ಕೂಗಿದ.

“ಎಂಜಲಾಗಿತ್ತು, ತೊಳ್ದೆ. ಎಷ್ಟು ಕೊಳೆ ಬಂತು ನೋಡು.”

ಬಕೆಟ್ಟಿನ ನೀರು ಕಂದಾಗಿತ್ತು. ಮೇಜು ಬೆಳ್ಳಗಾಗಿತ್ತು.

“ಅದು ಟೇಬಲ್ ಅಲ್ಲಮ್ಮ, ಪೀಸ್!”

“ಯಾವುದರ ಪೀಸೋ?”

“ಇನ್ಮೇಲೆ ಈ ಮನೇಲಿ ಏನೂ ಮುಟ್ಬೇಡ!”

ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು. “ಈ ಮೇಜಿನ ಮೇಲೆ ನಂಗೂ ಒಂದು ತಟ್ಟೆ ಹಾಕೋದಾದ್ರೆ ಇರ್ತೀನಿ. ಇಲ್ದಿದ್ರೆ ನಿನ್ನಕ್ಕನ ಮನೆಗೆ ಹೋಗ್ತೀನಿ. ಯೋಚ್ನೆ ಮಾಡಿ ಹೇಳು.”

ಅವನು ಯೋಚಿಸಿದ್ದು ಮೇಜಿನ ಬಗ್ಗೆ. ಆರೇಳು ಫೋಟೊ ತೆಗೆದು ಡೆನ್ಮಾರ್ಕಿನ ಆ ಬಡಗಿಯ ಮೊಮ್ಮಗಳಿಗೆ ಕಳಿಸಿ, ರಿಪೇರಿ ಸಾಧ್ಯವೇ ಎಂದು ಕೇಳಿದ. ಉತ್ತರ ಬುಧವಾರ ಬಂತು. ಅಮ್ಮನಿಗೆ ತನ್ನ ತಪ್ಪು ತಿಳಿಯಲಿ ಎಂದು ಕನ್ನಡದಲ್ಲಿ ಗಟ್ಟಿಯಾಗಿ ಓದತೊಡಗಿದವನು ನಾಲ್ಕನೇ ಸಾಲಿಗೆ ನಿಂತ. ಫೋನ್ ಕಿತ್ತುಕೊಂಡು ಉಳಿದದ್ದನ್ನು ನಾನು ಓದಿದೆ. ತನ್ನ ಅಜ್ಜ ಓಕ್‌ಗೆ ಎಣ್ಣೆಯನ್ನಾಗಲಿ ಪಾಲಿಶನ್ನಾಗಲಿ ಹಚ್ಚುತ್ತಿರಲಿಲ್ಲ, ಸೋಪು ನೀರಿನಲ್ಲೇ ಉಜ್ಜುತ್ತಿದ್ದ. ಅಜ್ಜಿ ಮನೆಯ ಮೇಜನ್ನು ಹಾಗೇ ತೊಳೆಯುತ್ತಿದ್ದಳು. ಕಂದು ಬಣ್ಣ ಯಾರೋ ಈಚೆಗೆ ಬಳಿದ ಮೇಣವಿರಬೇಕು. ತೊಳೆದವರು ಸರಿಯಾಗಿಯೇ ತೊಳೆದಿದ್ದಾರೆ, ರಿಪೇರಿ ಬೇಡ, ಊಟ ಮಾಡಿ ಎಂದು ಆಕೆ ಬರೆದಿದ್ದಳು.

ಎಪ್ಪತ್ತು ವರ್ಷದ ಹೊಳಪು ಆಗಲೇ ಸಿಂಕಿನ ಪಾಲಾಗಿತ್ತು. ತಮ್ಮ ‘ತಪ್ಪಾಯ್ತು’ ಎನ್ನಲಿಲ್ಲ. ಹತ್ತೇ ನಿಮಿಷದಲ್ಲಿ ಗೆಳೆಯನೊಬ್ಬನಿಗೆ ಫೋನಿನಲ್ಲಿ ಹೇಳುತ್ತಿದ್ದ: “ಒರಿಜಿನಲ್ ಸೋಪ್ ಫಿನಿಶ್ ಕಣೋ. ನಾವೇ ರಿಸ್ಟೋರ್ ಮಾಡಿದ್ವಿ.”

ಆಮೇಲೆ ಅಡುಗೆಮನೆಗೆ ಬಂದ. “ಸರಿ ಅಮ್ಮ, ಅಲ್ಲೇ ಊಟ ಮಾಡು. ಸಾರು ಮಾತ್ರ ಬೇಡ. ಮೊಸರನ್ನ ಆದ್ರೆ ಪರವಾಗಿಲ್ಲ, ಗ್ರ್ಯಾಂಡ್.”

“ಒಗ್ಗರಣೆ ಹಾಕ್ಬೋದೇನಪ್ಪಾ?”

ಅವನು ನಿಜವಾಗಿಯೂ ಯೋಚಿಸಿದ. “ಸಾಸಿವೆ ಓಕೆ,” ಎಂದ.

ಅಮ್ಮ ಗುರುವಾರ ನನ್ನ ಜೊತೆ ಡಬ್ಲಿನ್ ರೈಲು ಹತ್ತಿದಳು. ಜೂನ್ ಕೊನೆಯವರೆಗೆ ಬ್ಯೂಮಾಂಟ್‌ನಲ್ಲಿದ್ದು ಮೈಸೂರಿಗೆ ಮರಳಿದಳು. ಬ್ಯಾಲಿನ್‌ಕೊಲಿಗ್‌ಗೆ ಮತ್ತೆ ಹೋಗಲಿಲ್ಲ.