ರೈಲು ಹಳಿಯಾಚೆಯ ಸ್ಕೂಲು

ನಮ್ಮ ಸ್ಕೂಲಿನ ಗಡಿ, ಅಂದರೆ ಯಾವ ಬೀದಿಯ ಮಕ್ಕಳು ಯಾವ ಸ್ಕೂಲಿಗೆ ಎಂದು ಊರಿನ ಸ್ಕೂಲುಗಳನ್ನು ನಡೆಸುವ ಡಿಸ್ಟ್ರಿಕ್ಟಿನವರು ಎಳೆಯುವ ಗೆರೆ, ಬದಲಾಗುತ್ತದೆ ಎಂಬ ಸುದ್ದಿ ಬಂದಾಗ ನಾನು ಸ್ಕೂಲ್ ಬಸ್ ಓಡಿಸಲು ಶುರು ಮಾಡಿ ನಾಲ್ಕು ವರ್ಷವಾಗಿತ್ತು. ಶಿಕಾಗೋದ ನೈಋತ್ಯಕ್ಕೆ, ಬೋಲಿಂಗ್‌ಬ್ರೂಕ್ ದಾಟಿ ಹೆದ್ದಾರಿಯಲ್ಲಿ ಎರಡು ಎಕ್ಸಿಟ್ ಆಚೆ ನಮ್ಮ ಮನೆ. ಗಂಡನಿಗೆ ಗ್ರೀನ್ ಕಾರ್ಡ್ ಬಂದು ನಾನೂ ಕೆಲಸಕ್ಕೆ ಹೋಗಬಹುದು ಎಂದಾದಾಗ, ಮಧ್ಯಾಹ್ನ ಮಗಳು ಮನೆಗೆ ಬರುವ ಹೊತ್ತಿಗೆ ನಾನೂ ಬರುವಂಥ ಕೆಲಸ ಇದೊಂದೇ ಸಿಕ್ಕಿತ್ತು. ತುಮಕೂರಿನಲ್ಲಿ ಅಪ್ಪನ ಟೆಂಪೋ ಓಡಿಸಿ ಅಭ್ಯಾಸವಿದ್ದುದರಿಂದ ದೊಡ್ಡ ಗಾಡಿಯ ಭಯ ಇರಲಿಲ್ಲ. ಕನ್ನಡದವರು ಸೇರಿದ ಕಡೆ ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಗಂಡ ಮೊದಮೊದಲು "ಸ್ಕೂಲ್ ಡಿಸ್ಟ್ರಿಕ್ಟಲ್ಲಿದ್ದಾಳೆ" ಎಂದಷ್ಟೇ ಹೇಳುತ್ತಿದ್ದರು. ಆಮೇಲಾಮೇಲೆ ಬಸ್ ಅಂತಲೇ ಹೇಳಲು ಶುರು ಮಾಡಿದರು.

ನನ್ನ ಬೆಳಗಿನ ಸವಾರಿ ಹೀಗೆ. ದೊಡ್ಡ ರಸ್ತೆಯ ಪಕ್ಕದ ಬಾಡಿಗೆ ಅಪಾರ್ಟ್‌ಮೆಂಟುಗಳಲ್ಲಿ ಮಕ್ಕಳನ್ನು ಹತ್ತಿಸಿಕೊಳ್ಳುತ್ತೇನೆ. ಮುಕ್ಕಾಲು ಮೈಲಿ ಹೋದರೆ ನಮ್ಮ ಸಬ್‌ಡಿವಿಷನ್ನಿನ, ಅಂದರೆ ನಾವಿರುವ ಸ್ವಂತ ಮನೆಗಳ ಬಡಾವಣೆಯ, ಸ್ಕೂಲು ಸಿಗುತ್ತದೆ. ನನ್ನ ಮಗಳು ಆಗ ಅಲ್ಲೇ ಮೂರನೇ ಕ್ಲಾಸು. ಬಸ್ಸು ಅಲ್ಲಿ ನಿಲ್ಲುವುದಿಲ್ಲ. ಅದನ್ನು ದಾಟಿ, ರೈಲು ಹಳಿ ದಾಟಿ, ಗೋದಾಮುಗಳ ಸಾಲು ದಾಟಿ ಇನ್ನೊಂದು ಸ್ಕೂಲಿಗೆ ಹೋಗುತ್ತದೆ. ಅಪಾರ್ಟ್‌ಮೆಂಟಿನ ಮಕ್ಕಳ ಸ್ಕೂಲು ಅದು. ಗಡಿಯನ್ನು ಯಾರು ಯಾವಾಗ ಹಾಗೆ ಎಳೆದಿದ್ದರೋ ನನಗೆ ತಿಳಿಯದು. ಬಸ್ಸಿಗೆ ಸೇರಿದ ಹೊಸದರಲ್ಲಿ ಒಂದು ಮಗು ಕಿಟಕಿಯಿಂದ ಆಟದ ಮೈದಾನ ನೋಡಿ, ನಾವು ಇಲ್ಲೇ ಯಾಕೆ ಇಳಿಯಲ್ಲ ಎಂದು ಕೇಳಿತ್ತು. ಇದು ಬೇರೆ ಸ್ಕೂಲು ಎಂದಿದ್ದೆ. ಮಗು ಮತ್ತೆ ಕೇಳಲಿಲ್ಲ, ನಾನೂ ಅದರ ಬಗ್ಗೆ ಯೋಚಿಸಲಿಲ್ಲ.

ಹಳಿಯ ಹತ್ತಿರ ಸ್ಕೂಲ್ ಬಸ್ಸು ನಿಲ್ಲಲೇಬೇಕು. ಬಾಗಿಲು ತೆರೆದು, ಕಿಟಕಿ ಇಳಿಸಿ, ಎರಡೂ ಕಡೆ ನೋಡಿ, ಕಿವಿಗೊಟ್ಟು, ಆಮೇಲೆ ದಾಟಬೇಕು. ಗೂಡ್ಸ್ ರೈಲು ಬಂದರೆ ಗೇಟು ಬೀಳುತ್ತದೆ. ಕೆಲವು ದಿನ ರೈಲು ಹಾದುಹೋಗುತ್ತದೆ, ಕೆಲವು ದಿನ ಅಲ್ಲೇ ನಿಂತುಬಿಡುತ್ತದೆ, ಐದು ನಿಮಿಷವೋ ಇಪ್ಪತ್ತು ನಿಮಿಷವೋ. ಅಂಥ ದಿನ ಸ್ಕೂಲು ಮುಟ್ಟುವಷ್ಟರಲ್ಲಿ ಅಲ್ಲಿ ಮಕ್ಕಳಿಗೆ ಕೊಡುವ ಬೆಳಗಿನ ತಿಂಡಿ ಮುಗಿದಿರುತ್ತದೆ. ಮನೆಯಲ್ಲಿ ಏನೂ ತಿನ್ನದೆ ಬಂದ ಮಕ್ಕಳು ಹಾಗೇ ಕ್ಲಾಸಿಗೆ ಹೋಗುತ್ತಾರೆ. ನಾನು ಮೂರು ಸಲ ಆಫೀಸಿಗೆ ಬರೆದುಕೊಟ್ಟಿದ್ದೆ. ಥ್ಯಾಂಕ್ಯೂ ಎಂದು ತೆಗೆದುಕೊಂಡರು, ಅಷ್ಟೇ.

ಫೆಬ್ರವರಿಯಲ್ಲಿ ಡಿಸ್ಟ್ರಿಕ್ಟಿನಿಂದ ಹೊಸ ನಕ್ಷೆ ಈಮೇಲಿನಲ್ಲಿ ಬಂತು. ನಮ್ಮ ಸ್ಕೂಲು ತುಂಬಿಹೋಗಿದೆ, ಹಳಿಯಾಚೆಯದು ಅರ್ಧ ಖಾಲಿ. ಒಂದು ಕಡೆ ಬರೀ ಸ್ವಂತ ಮನೆಯವರ ಮಕ್ಕಳು, ಇನ್ನೊಂದು ಕಡೆ ಬರೀ ಬಾಡಿಗೆಯವರ ಮಕ್ಕಳು ಎನ್ನುವುದೂ ಸರಿಯಲ್ಲ. ಹಾಗಾಗಿ ಅಪಾರ್ಟ್‌ಮೆಂಟಿನ ಮಕ್ಕಳು ಹತ್ತಿರದ ಸ್ಕೂಲಿಗೆ ಬರುತ್ತಾರೆ, ಸಬ್‌ಡಿವಿಷನ್ನಿನ ಹೊಸ ಭಾಗದವರು ಹಳಿಯಾಚೆ ಹೋಗುತ್ತಾರೆ. ನಾನು ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ನಕ್ಷೆಯನ್ನು ದೊಡ್ಡದು ಮಾಡಿ ನಮ್ಮ ಬೀದಿ ಹುಡುಕಿದೆ. ನಾವು ಹೊಸ ಭಾಗ. ನಾಲ್ಕು ವರ್ಷ ಬೇರೆಯವರ ಮಕ್ಕಳನ್ನು ಆ ಹಳಿ ದಾಟಿಸಿದವಳಿಗೆ, ನನ್ನ ಮಗಳೂ ದಾಟಬೇಕು ಅಂದಾಗ ಮೊದಲು ಬಂದ ಯೋಚನೆ, ಇದನ್ನು ಹೇಗಾದರೂ ತಪ್ಪಿಸಬೇಕು ಅನ್ನುವುದೇ.

ನಮ್ಮ ಸಬ್‌ಡಿವಿಷನ್ನಿನ ವಾಟ್ಸಾಪ್ ಗುಂಪು ಅವತ್ತಿನಿಂದ ಸುಮ್ಮನಾಗಲಿಲ್ಲ. ಅದನ್ನು ಮುನ್ನಡೆಸಿದವರು ಮೈಸೂರಿನ ಒಬ್ಬರು, ನಮ್ಮಿಂದ ನಾಲ್ಕು ಮನೆ ಆಚೆ ಇದ್ದವರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ನಾವು ಮಿಶಿಗನ್ನಿನ ಫಾರ್ಮಿಂಗ್ಟನ್ ಹಿಲ್ಸ್ ಬಿಟ್ಟು ಇಲ್ಲಿಗೆ ಬಂದಾಗ ಮಗಳಿಗೆ ಎರಡು ವಾರ, ನನ್ನ ಅಮ್ಮನಿಗೆ ವೀಸಾ ಸಿಕ್ಕಿರಲಿಲ್ಲ. ಮುಖಪರಿಚಯವೂ ಇಲ್ಲದ ಅಕ್ಕ ತಮ್ಮ ಕೂಸನ್ನೂ ಎತ್ತಿಕೊಂಡು ದಿನಾ ಬಂದು ಮಗುವಿಗೆ ಎಣ್ಣೆ ಒತ್ತಿ ನೀರು ಹಾಕಿ, ನನಗೆ ಸಬ್ಬಸಿಗೆ ಸೊಪ್ಪಿನ ಸಾರು ಮಾಡಿಟ್ಟು ಹೋಗುತ್ತಿದ್ದರು. ಮುಂದೆ ನಾನು ಐದೂವರೆಗೇ ಬಸ್ ಯಾರ್ಡಿಗೆ ಹೋಗುವಂತಾದಾಗ, ಮಗಳನ್ನು ತಮ್ಮ ಮಗನ ಜೊತೆ ದಿನಾ ಸ್ಕೂಲಿಗೆ ನಡೆಸಿಕೊಂಡು ಹೋದವರೂ ಅವರೇ. ಇಂಥವರು ಕರೆದರೆ ಇಲ್ಲ ಅನ್ನುವುದು ಹೇಗೆ?

ಅವರ ಮನೆಯ ಬೇಸ್‌ಮೆಂಟಿನಲ್ಲಿ ಸಭೆ ಸೇರಿತು. ಇಪ್ಪತ್ತು ಜನರಿದ್ದರು, ಕನ್ನಡದವರು, ತೆಲುಗಿನವರು, ಇಲ್ಲಿಯವರೇ ಆದ ಬಿಳಿಯರೂ ಕೆಲವರು. ಹತ್ತಿರದ ಸ್ಕೂಲು ಅಂತಲೇ ಈ ಮನೆ ತಗೊಂಡದ್ದು, ಈಗ ಗೆರೆ ಬದಲಾಯಿಸಿದರೆ ಹೇಗೆ ಎಂದರು ಒಬ್ಬರು. ಬೇರೆ ಬೇರೆ ಬಗೆಯ ಮಕ್ಕಳು ಒಟ್ಟಿಗೆ ಓದಬೇಕು ಎಂದು ಡಿಸ್ಟ್ರಿಕ್ಟ್ ಬರೆದ ವಾಕ್ಯವನ್ನು ಅಕ್ಕನ ಗಂಡ ಗಟ್ಟಿಯಾಗಿ ಓದಿದರು. "ನಾವೇ ಡೈವರ್ಸಿಟಿ ಅಲ್ವಾ? ಇನ್ನು ನಮ್ಮನ್ನ ಎಲ್ಲಿಗೆ ಕಳಿಸ್ತಾರೆ?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಎಲ್ಲರೂ ಹೋದ ಮೇಲೆ ಅಕ್ಕ ನನ್ನನ್ನು ಉಳಿಸಿಕೊಂಡರು.

"ನೋಡು, ನಾವು ಸ್ಕೂಲಿನ ಟೆಸ್ಟ್ ಸ್ಕೋರು, ಮನೆ ಬೆಲೆ ಅಂತ ಮಾತಾಡಿದ್ರೆ ಕೆಟ್ಟವರಾಗ್ತೀವಿ. ರೈಲು ಅಂದ್ರೆ ಯಾರೂ ಏನೂ ಅನ್ನೋಕಾಗಲ್ಲ. ನೀನು ದಿನಾ ನೋಡ್ತೀಯ. ಸ್ಕೂಲ್ ಬೋರ್ಡಿನ ಮೀಟಿಂಗಲ್ಲಿ ಅದನ್ನ ಹೇಳು. ಸುಳ್ಳೇನೂ ಬೇಡ."

ಸುಳ್ಳು ಬೇಕಾಗಿದ್ದರೆ ನನಗೆ ಸುಲಭವಾಗುತ್ತಿತ್ತು, ಆಗಲ್ಲ ಎಂದುಬಿಡುತ್ತಿದ್ದೆ. ಅವರು ಕೇಳಿದ್ದು ನಿಜವನ್ನೇ. ಆಗಲಿ ಅಕ್ಕ, ಮಾತಾಡ್ತೀನಿ ಎಂದೆ. ಮನೆಗೆ ನಡೆದು ಬರುವಾಗ ಸಮಾಧಾನವೇ ಆಗಿತ್ತು. ರೈಲಿನ ನೆಪದಲ್ಲಿ ನಕ್ಷೆ ಬಿದ್ದುಹೋದರೆ ನನ್ನ ಮಗಳೂ ಉಳಿಯುತ್ತಾಳಲ್ಲ.

ಆ ಸಮಾಧಾನ ಮಾರನೆಯ ಮಧ್ಯಾಹ್ನದವರೆಗೆ ಇತ್ತು. ಅಪಾರ್ಟ್‌ಮೆಂಟಿನ ನಿಲ್ದಾಣದಲ್ಲಿ ದಿನಾ ಮಕ್ಕಳಿಗಾಗಿ ಕಾಯುವ ಒಬ್ಬ ಮುಸ್ಲಿಂ ತಾಯಿ ಇದ್ದರು, ಹಾಸನದ ಕಡೆಯವರು. ಗಂಡನದು ಫೋನ್ ರಿಪೇರಿಯ ಚಿಕ್ಕ ಅಂಗಡಿ. ಮಗ ಎರಡನೇ ಕ್ಲಾಸು, ಮಗಳು ಕಿಂಡರ್‌ಗಾರ್ಟನ್. ಕನ್ನಡ ಬರುತ್ತದೆ ಎಂದು ಗೊತ್ತಾದ ಮೇಲೆ ದಿನಕ್ಕೆರಡು ಮಾತು ಆಡುತ್ತಿದ್ದೆವು. ಬಸ್ಸಿನ ಕೆಂಪು ದೀಪ ಹೊತ್ತಿದ್ದು, ಹಿಂದೆ ಕಾರುಗಳು ನಿಂತಿರುವಾಗ ಅದಕ್ಕಿಂತ ಹೆಚ್ಚು ಆಡುವ ಹಾಗೂ ಇರಲಿಲ್ಲ. ಅವತ್ತು ಮಕ್ಕಳಿಬ್ಬರೂ ಇಳಿದ ಮೇಲೂ ಆಕೆ ಬಾಗಿಲ ಬಳಿಯೇ ನಿಂತರು.

"ನೀವು ಮೀಟಿಂಗಲ್ಲಿ ರೈಲಿನ ವಿಷ್ಯ ಮಾತಾಡ್ತೀರಂತೆ. ಅಂಗಡಿಗೆ ಬಂದವರು ಹೇಳಿದ್ರು, ನಿಮ್ಮ ಗುಂಪಲ್ಲಿ ಬಂದಿತ್ತಂತೆ."

ಹೌದು ಎಂದೆ.

"ಮಾತಾಡಿ, ಬೇಡ ಅನ್ನಲ್ಲ. ರೈಲು ನಿಲ್ಲೋದು ನಿಜಾನೇ. ಆದ್ರೆ ಬಸ್ಸಲ್ಲಿ ಯಾರಿದ್ರು ಅಂತಾನೂ ಹೇಳಿ."

ಹಿಂದಿನ ಕಾರಿನವನು ಹಾರ್ನ್ ಮಾಡಿದ. ಆಕೆ ಮಗಳ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಹೋದರು. ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನೂ ಸಿಟ್ಟಾಗಿ ಮರೆತುಬಿಡಬಹುದಿತ್ತು.

ಯಾರ್ಡಿನಲ್ಲಿ ನಮಗೆ ಸವಾರಿ ಹಂಚುವ ಮೇಲ್ವಿಚಾರಕಿ ಕರಿಯ ಹೆಂಗಸು, ನಿವೃತ್ತಿಗೆ ಹತ್ತಿರವಾದವರು. ಮಾತಾಡುವ ಮುಂಚೆ ಅವರಿಗೆ ತಿಳಿಸಬೇಕೆನಿಸಿತು. ತಾಯಿಯಾಗಿ ಮಾತಾಡು, ಡಿಸ್ಟ್ರಿಕ್ಟಿನ ಜಾಕೆಟ್ ಹಾಕಿಕೊಂಡು ಹೋಗಬೇಡ, ಕೆಲಸಕ್ಕೆ ತೊಂದರೆಯಾದೀತು ಎಂದರು. ಆಮೇಲೆ, ನಾನು ಕೇಳದಿದ್ದರೂ, ತಾವು ಡೆಟ್ರಾಯಿಟ್‌ನಲ್ಲಿ ಬೆಳೆದವರೆಂದೂ, ಚಿಕ್ಕವರಿದ್ದಾಗ ಕರಿಯರ, ಬಿಳಿಯರ ಮಕ್ಕಳು ಒಟ್ಟಿಗೆ ಓದಬೇಕೆಂಬ ಕೋರ್ಟಿನ ಆದೇಶದಂತೆ ತಮ್ಮನ್ನೂ ಬಸ್ಸಿನಲ್ಲಿ ದೂರದ ಸ್ಕೂಲಿಗೆ ಕಳಿಸುತ್ತಿದ್ದರೆಂದೂ ಹೇಳಿದರು. ಅದರಿಂದ ನಿಮಗೆ ಒಳ್ಳೆಯದಾಯಿತೇ ಎಂದು ಕೇಳಿದೆ. "ಡ್ರೈವರಿನ ಹಿಂದಿನ ಸೀಟಲ್ಲೇ ಕೂರೋದು ಕಲಿತೆ, ಅಲ್ಲಾದ್ರೆ ಯಾರೂ ಕಾಡಿಸ್ತಿರಲಿಲ್ಲ" ಎಂದರು. ಆಮೇಲೆ ಫೋನು ಬಂತು, ಎತ್ತಿಕೊಂಡರು.

ಗಂಡನಿಗೆ ನಾನು ಮಾತಾಡುವುದೇ ಬೇಡವಾಗಿತ್ತು. ಏನು ಹೇಳಿದರೂ ಒಂದು ಕಡೆಯವರು ನಮ್ಮನ್ನು ದೂರ ಮಾಡುತ್ತಾರೆ, ನಾವು ಇಲ್ಲೇ ಬಾಳಬೇಕು ಎಂದರು. ಮಗಳನ್ನೇ ಕೇಳಿದೆ, ಬೇರೆ ಸ್ಕೂಲಿಗೆ ಹೋಗಬೇಕಾದರೆ ಏನು ಮಾಡ್ತೀಯ ಅಂತ. "ಐ ಡೋಂಟ್ ವಾಂಟ್ ಟು" ಎಂದಳು, ಪುಸ್ತಕದಿಂದ ತಲೆಯೆತ್ತದೆ. ಅವಳ ಕಣ್ಣು ಒಂದೇ ಸಾಲಿನ ಮೇಲೆ ನಿಂತಿತ್ತು.

ಸಭೆ ಹೈಸ್ಕೂಲಿನ ಜಿಮ್ಮಿನಲ್ಲಿ. ಕೂರಲು ಜಾಗವಿಲ್ಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಎಡಗಡೆ ನಮ್ಮವರು, ಬಲಗಡೆ ಅಪಾರ್ಟ್‌ಮೆಂಟಿನವರು. ಹಾಗೆ ಕೂರಿ ಎಂದು ಯಾರೂ ಹೇಳಿರಲಿಲ್ಲ. ಒಬ್ಬೊಬ್ಬರಿಗೆ ಮೂರು ನಿಮಿಷ, ಮೈಕಿನ ಮುಂದೆ ಹಸಿರು, ಹಳದಿ, ಕೆಂಪು ದೀಪ. ಮಕ್ಕಳನ್ನು ಲೆಕ್ಕಕ್ಕಾಗಿ ಆಚೀಚೆ ಮಾಡಬೇಡಿ ಎಂದು ಒಬ್ಬ ತಂದೆ ಅತ್ತುಬಿಟ್ಟ. ನಮ್ಮ ಮಕ್ಕಳನ್ನು ಕಂಡರೆ ಇಷ್ಟು ಭಯವೇಕೆ ಎಂದು ಬಲಗಡೆಯ ಒಬ್ಬ ಅಜ್ಜಿ ಕೇಳಿದಾಗ ಎಡಗಡೆಯಿಂದ ಗುಜುಗುಜು ಎದ್ದಿತು, ಅಧ್ಯಕ್ಷೆ ಮೇಜು ತಟ್ಟಿದರು. ನನ್ನ ಸರದಿ ಬಂದಾಗ ಅಕ್ಕ ನನ್ನ ಮೊಣಕೈಯನ್ನು ಮೆಲ್ಲಗೆ ಒತ್ತಿ ಕಳಿಸಿದರು.

ಬರೆದುಕೊಂಡು ಹೋಗಿದ್ದ ಕಾಗದವನ್ನು ಮೈಕಿನ ಮುಂದೆ ಬಿಡಿಸಿದೆ. ಬಸ್ ಓಡಿಸುತ್ತೇನೆ, ಆದರೆ ತಾಯಿಯಾಗಿ ಬಂದಿದ್ದೇನೆ ಎಂದೆ. ಹಳಿ, ಗೇಟು, ನಿಂತುಬಿಡುವ ರೈಲು, ಚಳಿಯಲ್ಲಿ ಇಪ್ಪತ್ತು ನಿಮಿಷದ ಕಾಯುವಿಕೆ, ತಪ್ಪಿಹೋಗುವ ತಿಂಡಿ, ಎಲ್ಲ ಹೇಳಿದೆ. ಎಡಗಡೆಯವರು ಚಪ್ಪಾಳೆ ತಟ್ಟಿದರು. ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲವೂ ಸುಗಮವಾಗುತ್ತಿತ್ತು. ಕಾಗದದಲ್ಲಿ ಇದ್ದದ್ದೂ ಅಷ್ಟೇ. ದೀಪ ಇನ್ನೂ ಹಸಿರಾಗಿತ್ತು.

"ಈ ರೈಲು ನಿನ್ನೆ ಮೊನ್ನೆ ಬಂದದ್ದಲ್ಲ. ನಾಲ್ಕು ವರ್ಷದಿಂದ ನಾನು ಆ ಗೇಟಿನ ಮುಂದೆ ಮಕ್ಕಳನ್ನು ಕೂರಿಸಿಕೊಂಡು ಕಾಯುತ್ತಿದ್ದೇನೆ. ಅವರು ಅಪಾರ್ಟ್‌ಮೆಂಟಿನ ಮಕ್ಕಳು. ಹತ್ತಿರದ ಸ್ಕೂಲನ್ನು ಅವರು ದಿನಾ ಕಿಟಕಿಯಿಂದ ನೋಡುತ್ತಾರೆ. ನನ್ನ ಮಗಳಿಗೆ ಈ ದಾರಿ ದೂರವಾದರೆ ಅವರಿಗೂ ದೂರ."

ಹಳದಿ ಬಂತು. ಬೋರ್ಡಿನವರ ಕಡೆ ತಿರುಗಿ, ನಿಮ್ಮ ನಕ್ಷೆಯಿಂದ ಬಸ್ಸಿನೊಳಗಿನ ಮಕ್ಕಳು ಬದಲಾಗುತ್ತಾರೆ, ರೈಲು ಹಾಗೇ ಇರುತ್ತದೆ, ಅದಕ್ಕೇನು ಮಾಡುತ್ತೀರಿ ಎಂದು ಕೇಳಿದೆ. ಉತ್ತರ ಹೇಳುವುದು ಅವರ ನಿಯಮದಲ್ಲಿ ಇರಲಿಲ್ಲ. ಕೆಂಪು ಬಂತು. ನಾನು ಯಾವ ಕಡೆ ಎಂದು ಹೇಳಿರಲಿಲ್ಲ, ನನಗೇ ಗೊತ್ತಿರಲಿಲ್ಲ. ವಾಪಸ್ ಹೋಗುವಾಗ ಯಾವ ಕಡೆಯೂ ಸದ್ದಿಲ್ಲ. ನನ್ನ ಕುರ್ಚಿಯ ಮೇಲೆ ಅಕ್ಕನ ಕೋಟಿತ್ತು. ಅವರು ಅದನ್ನು ತೆಗೆಯಲಿಲ್ಲ. ನಾನು ಗೋಡೆಯ ಹತ್ತಿರ ಹೋಗಿ ನಿಂತೆ.

ಪಾರ್ಕಿಂಗ್ ಲಾಟಿನಲ್ಲಿ ಅವರಾಗಿಯೇ ಬಂದರು.

"ಅರ್ಧ ಹೇಳಿ ನಿಲ್ಲಿಸಬಹುದಿತ್ತು ನೀನು."

"ಅರ್ಧ ಹೇಳಿದ್ರೆ ಅದು ನಿಜ ಆಗ್ತಿರ್ಲಿಲ್ಲ ಅಕ್ಕ."

"ನಿನ್ ಮಗಳನ್ನ ನಾಲ್ಕು ವರ್ಷ ಕೈ ಹಿಡ್ಕೊಂಡು ಕರ್ಕೊಂಡು ಹೋದೆನಲ್ಲ, ಅದೂ ನಿಜಾನೇ" ಎಂದರು. ಅವರ ದನಿ ಒಡೆದಿತ್ತು. ಅವರು ಕಾರು ಹತ್ತಿದರು.

ಮಾರನೆಯ ದಿನ ಮಗಳನ್ನು ಕರೆದೊಯ್ಯಲು ಯಾರೂ ಬಾಗಿಲು ತಟ್ಟಲಿಲ್ಲ. ಗಂಡ ಮ್ಯಾನೇಜರಿಗೆ ಹೇಳಿ ಬೆಳಗಿನ ಮೀಟಿಂಗನ್ನು ಮುಂದೆ ಹಾಕಿಸಿಕೊಂಡರು. ನನ್ನ ಮೇಲೆ ರೇಗಲಿಲ್ಲ, ನಾನು ಹೇಳಿರಲಿಲ್ಲವಾ ಎಂದೂ ಅನ್ನಲಿಲ್ಲ. ಗುಂಪಿನಲ್ಲಿ ಯಾರೋ ನಾನು ಡಿಸ್ಟ್ರಿಕ್ಟಿನವರು ಹೇಳಿಕೊಟ್ಟ ಮಾತು ಆಡಿದೆ ಎಂದು ಬರೆದಿದ್ದರು. ಅದು ಅಕ್ಕ ಅಲ್ಲ. ಅವರು ಏನೂ ಬರೆಯಲಿಲ್ಲ.

ಏಪ್ರಿಲಿನಲ್ಲಿ ಬೋರ್ಡು ಮತ ಹಾಕಿತು, ಒಂದೇ ಒಂದು ಮತದ ಅಂತರದಲ್ಲಿ ನಕ್ಷೆ ಪಾಸಾಯಿತು. ಅಲ್ಲಿನ ಕೊನೆಯ ತರಗತಿಯಾದ ಐದನೇ ಕ್ಲಾಸಿಗೆ ಹೋಗುವವರು ಇದ್ದಲ್ಲೇ ಮುಗಿಸಬಹುದು, ಉಳಿದವರು ಹೊಸ ಗಡಿಯಂತೆ ಎಂದಾಯಿತು. ನನ್ನ ಮಗಳೂ ಅಕ್ಕನ ಮಗನೂ ನಾಲ್ಕಕ್ಕೆ ಹೋಗುವವರು. ಆ ರಾತ್ರಿ ಮಗಳು ಅತ್ತಳು. ನನ್ನ ಮಾತಿನಿಂದ ಹೀಗಾಗಲಿಲ್ಲ ಎಂದು ಗಂಡ ಸಮಾಧಾನ ಮಾಡಿದರು. ಆಗಿರಲಿಕ್ಕಿಲ್ಲ. ಆದರೆ ಒಂದು ಮತ ಎಂದಾಗ ಯಾರಿಗೆ ಗೊತ್ತು?

ಆಗಸ್ಟಿನಲ್ಲಿ ನನ್ನ ಬಸ್ಸಿಗೆ ನಮ್ಮ ಬೀದಿಯ ಮಕ್ಕಳೇ ಹತ್ತಿದರು. ಎರಡನೇ ವಾರ ರೈಲು ಹದಿನೈದು ನಿಮಿಷ ನಿಂತಿತು. ಅವತ್ತು ಸಂಜೆಯೊಳಗೆ ನಮ್ಮ ಸಬ್‌ಡಿವಿಷನ್ನಿನವರ ಈಮೇಲುಗಳು ಪ್ರಿನ್ಸಿಪಾಲರಿಗೆ ತಲುಪಿದವು. ಬಸ್ಸು ತಡವಾದರೂ ತಿಂಡಿ ಎತ್ತಿಡಬೇಕೆಂಬ ನಿಯಮ ಶುಕ್ರವಾರದೊಳಗೆ ಬಂತು. ನನಗೆ ಸಂತೋಷವಾಗಬೇಕಿತ್ತು. ಆದರೆ ನಾನು ಬರೆದುಕೊಟ್ಟ ಮೂರು ಕಾಗದಕ್ಕೆ ಸಿಕ್ಕಿದ್ದು ಬರೀ ಥ್ಯಾಂಕ್ಯೂ.

ಮಗಳಿಗೆ ಹೊಸ ಸ್ಕೂಲು ಒಗ್ಗಲು ದೀಪಾವಳಿಯವರೆಗೆ ಹಿಡಿಯಿತು. ಈಗ ಅಲ್ಲಿಯ ಗೆಳತಿಯೊಬ್ಬಳ ಹೆಸರು ದಿನಕ್ಕೆ ಹತ್ತು ಸಲ ಹೇಳುತ್ತಾಳೆ. ಹಾಸನದವರ ಮಕ್ಕಳು ಹತ್ತಿರದ ಸ್ಕೂಲಿಗೆ ನಡೆದೇ ಹೋಗುತ್ತಾರೆ. ಬಸ್ಸಿನ ಬಾಗಿಲ ಬಳಿಯ ಎರಡು ಮಾತಿಗೆ ಈಗ ಸಂದರ್ಭವಿಲ್ಲ. ಒಮ್ಮೆ ಕಾಸ್ಟ್ಕೋ ಅಂಗಡಿಯಲ್ಲಿ ಆಕೆ ಸಿಕ್ಕಿದ್ದರು. ಹೊಸ ಸ್ಕೂಲಿನಲ್ಲಿ ಕೆಲವರು ನಮ್ಮ ಮಕ್ಕಳನ್ನು ಹುಟ್ಟುಹಬ್ಬಗಳಿಗೆ ಕರೆಯುವುದಿಲ್ಲ ಎಂದರು, ದೂರಿನಂತಲ್ಲ, ಸುದ್ದಿಯಂತೆ.

ಅಕ್ಕ ಮೊದಲ ಎರಡು ತಿಂಗಳು ಮಗನನ್ನು ಕಾರಿನಲ್ಲೇ ಬಿಟ್ಟುಬಂದರು. ಆಮೇಲೆ ಅವರ ಶಾಮ್‌ಬರ್ಗ್‌ನ ಆಫೀಸಿನವರು ವಾರಕ್ಕೆ ಮೂರು ದಿನ ಬರಲೇಬೇಕೆಂದರಂತೆ. ಅಕ್ಟೋಬರಿನ ಒಂದು ಬೆಳಿಗ್ಗೆ ಹುಡುಗ ನಿಲ್ದಾಣದಲ್ಲಿದ್ದ, ಅಕ್ಕ ಹಿಂದೆ ನಿಂತಿದ್ದರು. ನಾನು ಗುಡ್ ಮಾರ್ನಿಂಗ್ ಎಂದೆ, ಹುಡುಗ ಆಂಟಿ ಎಂದು ಹತ್ತಿದ. ಅಕ್ಕ ತಲೆಯಾಡಿಸಿದರು.

ಮುಂದಿನ ವಾರ ಬಾಗಿಲ ಹತ್ತಿರ ಬಂದು, "ನಾಳೆ ಅವನಿಗೆ ಡೆಂಟಿಸ್ಟ್ ಇದೆ, ಬರಲ್ಲ" ಎಂದರು.

"ಸರಿ ಅಕ್ಕ, ಕಾಯಲ್ಲ" ಎಂದೆ.

ಸದ್ಯಕ್ಕೆ ನಾವು ಆಡುವ ಮಾತು ಇಷ್ಟೇ.