ಎಂಟು ರಬ್ಬರ್ ಬಿಲ್ಲೆ

ವಾಷಿಂಗ್ ಮಷೀನ್ ರಿಪೇರಿ ಮಾಡುವ ಅವನಿಗೆ ಬೀದಿಯವರು ಇಟ್ಟ ಹೆಸರು ಗಡಗಡ. ಬಟ್ಟೆ ಹಿಂಡುವಾಗ ಮಷೀನು ಮೈಮೇಲೆ ಬಂದಂತೆ ಕುಣಿದರೆ ಎಲ್ಲರೂ ಕರೆಯುವುದು ಅವನನ್ನೇ. ಅವನು ಬಂದು, ಮಟ್ಟ ನೋಡಿ, ನಾಲ್ಕು ಕಾಲಿಗೂ ರಬ್ಬರ್ ಬಿಲ್ಲೆ ಕೊಟ್ಟು, ಪಕ್ಕದಲ್ಲಿ ತುಂಬಿದ ಲೋಟ ಇಡುತ್ತಾನೆ. ನೀರು ತುಳುಕಬಾರದು. ಮೂವತ್ತು ವರ್ಷದಿಂದ ನಡುಕ ನಿಲ್ಲಿಸುವುದೇ ಅವನ ಕಸುಬು.

ಹುಚ್ಚು ಮಾತ್ರ ಕುಣಿಸುವುದರದ್ದು. ಡಿಸ್ಕೋ ಕಾಲದ ಥಳಕು, ಅದರಡಿ ಧಪ್ ಧಪ್ ಎಂದು ಬಿಡದೆ ಬಡಿಯುವ ಡ್ರಮ್ಮು, ಮೇಲೆ ಎದೆ ತುಂಬಿ ಹಾಡುವ ಹೆಣ್ಣು ದನಿ: ಇಂಥ ಹೌಸ್ ಸಂಗೀತವನ್ನು ಅವನೇ ಕಂಪ್ಯೂಟರಿನಲ್ಲಿ ಕಟ್ಟುತ್ತಿದ್ದ. ಈ ಹುಚ್ಚು ಹಿಡಿಸಿದವಳು ಅಕ್ಕ. ಚಿಕ್ಕಂದಿನಲ್ಲಿ ಅಡುಗೆಮನೆಯಲ್ಲೇ ಹೆಜ್ಜೆ ಕಲಿಸಿದ್ದಳು. ಈಗ ಅವಳ ಕಿವಿ ಪೂರ್ತಿ ಹೋಗಿದೆ, ಎಂಟು ವರ್ಷದಿಂದ ಕುಣಿದಿಲ್ಲ. ಅವಳ ಅರವತ್ತನೇ ಹುಟ್ಟುಹಬ್ಬಕ್ಕೆಂದು ಹಳೆಯ ಕ್ಯಾಸೆಟ್ಟಿನಿಂದ ಅವಳದೇ ದನಿ ತೆಗೆದು ಒಂದು ಹಾಡು ಮಾಡಿದ. ತಾನು ಬರುವುದು ಕೂತು ನೋಡುವುದಕ್ಕಷ್ಟೇ ಎಂದು ಅಕ್ಕ ಮೊದಲೇ ಹೇಳಿಬಿಟ್ಟಿದ್ದಳು. ಅವಳನ್ನು ಒಂದೇ ಸಲ ಕುರ್ಚಿಯಿಂದ ಎಬ್ಬಿಸಿದರೆ ಸಾಕು, ಜನ್ಮ ಸಾರ್ಥಕ ಎಂದುಕೊಂಡಿದ್ದ ಇವನು.

ಹುಟ್ಟುಹಬ್ಬದ ಭಾನುವಾರ ಬೆಳಿಗ್ಗೆಯೇ ಫರ್ನಿಚರ್ ಅಂಗಡಿಯ ಮೇಲಿನ ಮರದ ನೆಲದ ಹಾಲಿಗೆ ಹೋಗಿ ಎರಡು ದೊಡ್ಡ ಸ್ಪೀಕರ್ ಇಟ್ಟ. ಹಾಕಿ ನೋಡಿದರೆ ನೆಲವೆಲ್ಲ ನಡುಗಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಕೈ ತಾನಾಗಿ ಚೀಲಕ್ಕೆ ಹೋಗಿ ಎಂಟು ಬಿಲ್ಲೆ ತೆಗೆದು ಸ್ಪೀಕರುಗಳ ಕಾಲಡಿ ಇಟ್ಟಿತು. ನೆಲದ ಮೇಲಿಟ್ಟ ಲೋಟದಲ್ಲಿ ನೀರು ತುಳುಕದ್ದು ಕಂಡು ಪುಣ್ಯಾತ್ಮ ಬೀಗಿದ್ದೇ ಬೀಗಿದ್ದು.

ಮಧ್ಯಾಹ್ನ ಹಾಡು ಶುರುವಾಯಿತು, ನೆಂಟರೆಲ್ಲ ಎದ್ದರು. ಅಕ್ಕ ಚಪ್ಪಲಿ ಬಿಟ್ಟು ಅಂಗಾಲು ನೆಲಕ್ಕೊತ್ತಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ಮತ್ತೆ ಚಪ್ಪಲಿ ಮೆಟ್ಟಿದಳು. ಅವಳು ಏನು ಹುಡುಕಿದಳೆಂದು ಇವನಿಗೆ ಆಗ ಹೊಳೆಯಿತು. ಹಾಡು ಅವಳನ್ನು ಮುಟ್ಟಲು ಉಳಿದಿದ್ದ ಒಂದೇ ದಾರಿ ಆ ನೆಲ. ಅದನ್ನೂ ಇವನೇ ಮುಚ್ಚಿದ್ದ.

ಭಾವನಿಂದ ಸ್ಪೀಕರ್ ಎತ್ತಿಸಿ, ಹೊಸ ಅಂಗಿಯಲ್ಲೇ ತೆವಳಿ, ಒಂದೊಂದೇ ಬಿಲ್ಲೆ ಕಿತ್ತೆಸೆದ. ಎಂಟನೆಯದು ಹೋದದ್ದೇ ತಡ, ಹಲಗೆಗಳಿಗೆ ಜೀವ ಬಂತು. ಕಿಟಕಿ ಗಾಜು ಗಲಗಲ ಎಂದಿತು, ಲೋಟ ಮಗುಚಿತು. ಅಕ್ಕ ಎದ್ದಳು. ಅವಳ ಚಪ್ಪಲಿ ಒಂದು ಎತ್ತಲೋ, ಇನ್ನೊಂದು ಎತ್ತಲೋ. ಭುಜ, ಸೊಂಟ, ಹಿಮ್ಮಡಿ ಯಾವುದೂ ಒಂದು ಹೆಜ್ಜೆಯನ್ನೂ ಮರೆತಿರಲಿಲ್ಲ. ತನ್ನ ಬೀರುಗಳ ಬಾಗಿಲು ತಾವಾಗಿ ತೆರೆಯುತ್ತಿವೆ ಎಂದು ಜಗಳಕ್ಕೆ ಬಂದ ಕೆಳಗಿನ ಅಂಗಡಿಯವನನ್ನೂ ಕೈಹಿಡಿದು ಗಿರ್ರನೆ ತಿರುಗಿಸಿದಳು. ಇವನಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

ಏದುಸಿರು ಬಿಡುತ್ತ ಅವಳೆದುರು ನಿಂತು, ತುಟಿ ಓದಲೆಂದು ಬಿಡಿಸಿ ಹೇಳಿದ:

“ಹಾಡ್ತಿರೋದು ನೀನೇ ಕಣಕ್ಕ.”

ಅವಳು ಸ್ಪೀಕರಿಗೆ ಅಂಗೈ ಒತ್ತಿ ನಿಂತಳು. ಕಣ್ಣು ತುಂಬಿತು.

“ಹಾಗಾದ್ರೆ ಇನ್ನೂ ಜೋರಾಗಿ ಹಾಕೋ.”